ಊರು ರಾಮನಗರ, ದಿನ ಬೆಂಗಳೂರು: ರಾತ್ರಿ ಎಂಟರ ಗಿರಾಕಿ ಯಾರ ಪಾಲು?

ರಾಮನಗರ, ಚನ್ನಪಟ್ಟಣದ ಪೇಟೆಯಲ್ಲಿ ವ್ಯಾಪಾರದ ಮಾತು ಎತ್ತಿದರೆ ಬೈಗುಳ ಬೀಳೋದು ಎಕ್ಸ್‌ಪ್ರೆಸ್‌ವೇಗೆ. ಅದರಲ್ಲಿ ನಿಜ ಇದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಗೊಂಬೆ ಅಂಗಡಿ, ಹೋಟೆಲ್ ಮುಂದೆ ನಿಲ್ಲುತ್ತಿದ್ದ ಕಾರುಗಳು ಈಗ ಬೈಪಾಸ್‌ನಲ್ಲೇ ಸಾಗಿಹೋಗುತ್ತಿವೆ.

ಆದರೆ ಕೈತಪ್ಪುತ್ತಿರೋದು ದಾರಿಹೋಕ ಗಿರಾಕಿ ಮಾತ್ರ ಅಲ್ಲ. ನಮ್ಮೂರಲ್ಲೇ ಮನೆ ಮಾಡಿಕೊಂಡು, ದಿನಾ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರೂ ಕೈತಪ್ಪುತ್ತಿದ್ದಾರೆ.

ಇವರ ದಿನಚರಿ ನೋಡಿ. ಪೇಟೆ ಬಾಗಿಲು ತೆಗೆಯೋ ಮೊದಲೇ ರೈಲೋ ಬಸ್ಸೋ ಹತ್ತಿರುತ್ತಾರೆ. ವಾಪಸ್ ಬರುವಾಗ ಶಟರ್ ಎಳೆಯೋ ಹೊತ್ತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ. ಮೆಟ್ರೋ ಇಳಿದು ಊರಿನ ಬಸ್ಸಿಗೆ ಕಾಯೋ ಜಾಗದಲ್ಲೇ ಸೊಪ್ಪು, ಹಣ್ಣು, ಔಷಧಿ, ಮಕ್ಕಳ ನೋಟ್‌ಬುಕ್ ಸಿಗುತ್ತೆ. ಮನುಷ್ಯ ಕಾಯೋ ಕಡೆ ಕೊಳ್ಳುತ್ತಾನೆ. ಹಾಗಾಗಿ ಬಾಡಿಗೆ, ನೀರಿನ ಬಿಲ್ಲು ನಮ್ಮೂರಲ್ಲಿ. ಸಂತೆ ಮಾತ್ರ ಕೆಂಗೇರೀಲಿ.

ನಮ್ಮ ಪೇಟೆಯ ಗಡಿಯಾರ ಬೇರೆಯವರಿಗಾಗಿ ಹೊಂದಿಸಿದ್ದು. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ ರೈತರು ಬೆಳಿಗ್ಗೆಯೇ ಬರ್ತಾರೆ, ತಾಲ್ಲೂಕು ಕಚೇರಿ ಕೆಲಸ ಸಂಜೆಯೊಳಗೆ ಮುಗಿಯುತ್ತೆ. ಅಂಗಡಿಗಳೂ ಅದೇ ಹೊತ್ತಿಗೆ ಒಗ್ಗಿಕೊಂಡಿವೆ. ಆ ಗಿರಾಕಿ ಇಂದಿಗೂ ಇದ್ದಾನೆ, ಅವನನ್ನ ಬಿಡಬೇಕಾಗಿಲ್ಲ. ಆದರೆ ತಿಂಗಳ ಸಂಬಳದ ಗಿರಾಕಿ ಆ ಗಡಿಯಾರಕ್ಕೆ ಸಿಗೋದೇ ಇಲ್ಲ.

ದಾರಿ ಬದಲಾದರೆ ವ್ಯಾಪಾರದ ಜಾಗವೂ ಬದಲಾಗುತ್ತೆ. 2023ರ ಆಗಸ್ಟ್ 1ರಿಂದ ಬೈಕ್, ಆಟೋಗಳಿಗೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಬಿಡದಿ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೋಗೋರು ಸರ್ವಿಸ್ ರಸ್ತೆ, ಹಳೇ ರಸ್ತೆ ಹಿಡಿಯಲೇಬೇಕು. ಟೀ ಅಂಗಡಿ, ಪಂಕ್ಚರ್ ಅಂಗಡಿಗೆ ಶಿಫ್ಟ್ ಬದಲಾಗೋ ಹೊತ್ತೇ ಸುಗ್ಗಿ.

ಶಕ್ತಿ ಯೋಜನೆಯದು ಎರಡು ಮುಖ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಬಟ್ಟೆಗೆ ಚಿಕ್ಕಪೇಟೆಗೆ ಹೋಗೋದು ಸಲೀಸಾಯಿತು. ಹಳ್ಳಿಯಿಂದ ನಮ್ಮ ಪೇಟೆಗೆ ಬರೋದೂ ಅಷ್ಟೇ ಸಲೀಸು. ಆದರೆ ಬಂದವರಿಗೆ ಕೂರಲು ನೆರಳು, ಶುಚಿಯಾದ ಶೌಚಾಲಯ ಇಲ್ಲದಿದ್ದರೆ ಕೆಲಸ ಮುಗಿಸಿ ಮುಂದಿನ ಬಸ್ಸಿಗೇ ಹೊರಡ್ತಾರೆ, ಪೇಟೆ ಸುತ್ತೋದಿಲ್ಲ.

ಹಾಗಾದರೆ ಏನು ಮಾಡೋದು? ಕೆಲಸದ ಹುಡುಗರನ್ನ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲಿಸೋದು ಪರಿಹಾರವಲ್ಲ. ಸ್ಟೇಷನ್, ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರು ಮಧ್ಯಾಹ್ನ ಬಿಡುವು ಕೊಟ್ಟು, ಸರದಿ ಮೇಲೆ ರಾತ್ರಿ ಒಂಬತ್ತೂವರೆವರೆಗೆ ತೆರೆದು ನೋಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ತರಿಸಿಕೊಂಡು ದಿನಸಿ ಕಟ್ಟಿಟ್ಟರೆ, ಗಿರಾಕಿ ಮನೆಗೆ ಹೋಗೋ ದಾರೀಲಿ ಎತ್ತಿಕೊಳ್ತಾನೆ. ಭಾನುವಾರ ರಜೆ ಹಾಕೋ ಅಂಗಡಿಗಳು ವಾರದ ನಡುವೆ ರಜೆ ತಗೊಂಡರೆ ಲಾಭವೇ.

ನಗರಸಭೆ ಪಾಲೂ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು. ಸಂಜೆ ಹೊತ್ತಿನ ಮಾರಾಟಕ್ಕೆ ಸ್ಟೇಷನ್ ರಸ್ತೆ ಪಕ್ಕ ಜಾಗ ಗುರುತಿಸಿ ಅಂತ ಅಲ್ಲೇ ಕೇಳಬೇಕು. ಜೊತೆಗೆ ನಡೆಯೋಕೆ ಫುಟ್‌ಪಾತ್, ಉರಿಯೋ ದೀಪ. ಕತ್ತಲ ರಸ್ತೆಯಲ್ಲಿ ರೈಲಿಳಿದ ಹೆಣ್ಣುಮಗಳು ತರಕಾರಿ ಆರಿಸುತ್ತಾ ನಿಲ್ಲೋದಿಲ್ಲ, ಸೀದಾ ಆಟೋ ಹತ್ತುತ್ತಾಳೆ.

ಬೈಪಾಸ್‌ನಲ್ಲಿ ಹೋಗೋ ಕಾರನ್ನ ಊರೊಳಗೆ ತಿರುಗಿಸೋದು ನಮ್ಮ ಕೈಲಿಲ್ಲ. ರಾತ್ರಿ ಎಂಟಕ್ಕೆ ರೈಲಿಳಿದು ನಮ್ಮ ಬೀದಿಗೇ ಬರೋ ಗಿರಾಕಿಗೆ ಬಾಗಿಲು ತೆರೆದಿಡೋದು ನಮ್ಮ ಕೈಲೇ ಇದೆ.