ನಾಲ್ಕು ನಿಮಿಷ ಮತ್ತು ಅರವತ್ತನಾಲ್ಕು ವರ್ಷ

ಒಂದು ಮೈಲಿ ಎಂದರೆ ಸುಮಾರು 1,609 ಮೀಟರು. ಅಷ್ಟು ದೂರವನ್ನು ನಾಲ್ಕು ನಿಮಿಷದೊಳಗೆ ಓಡಿ ಮುಗಿಸಬೇಕಾದರೆ ಗಂಟೆಗೆ 24 ಕಿಲೋಮೀಟರಿಗೂ ಮಿಗಿಲಾದ ವೇಗ ಬೇಕು. ಪೇಟೆಬೀದಿಯಲ್ಲಿ ಸೈಕಲ್ ತುಳಿಯುವವನನ್ನು ಹಿಂದೆ ಹಾಕುವ ವೇಗ ಇದು. ಸ್ವೀಡನ್ನಿನ ಗುಂಡರ್ ಹ್ಯಾಗ್ 1945ರಲ್ಲಿ 4 ನಿಮಿಷ 1.4 ಸೆಕೆಂಡಿನಲ್ಲಿ ಓಡಿದ ಮೇಲೆ ಸುಮಾರು ಒಂಬತ್ತು ವರ್ಷ ಯಾರಿಂದಲೂ ಆ ದಾಖಲೆ ಮುರಿಯಲಾಗಲಿಲ್ಲ. ಮನುಷ್ಯನ ಶರೀರಕ್ಕೆ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂಬ ಮಾತೂ ಹಬ್ಬಿತ್ತು. 1954ರ ಮೇ 6ರಂದು ಅದನ್ನು ಸುಳ್ಳು ಮಾಡಿದವರು ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್. ಆಗ ಅವರಿಗೆ 25 ವರ್ಷ. ಅವರು ಪೂರ್ಣಾವಧಿಯ ಕ್ರೀಡಾಪಟು ಅಲ್ಲ, ವೈದ್ಯಕೀಯ ವಿದ್ಯಾರ್ಥಿ.

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಅವರ ಕಥೆ ಇಲ್ಲಿಗೇ ಮುಗಿಯುತ್ತದೆ. ಆದರೆ ಆ ಓಟದ ನಂತರ ಬ್ಯಾನಿಸ್ಟರ್ ಸುಮಾರು 64 ವರ್ಷ ಬದುಕಿದ್ದರು. ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ತಿಳಿಯಬೇಕಾದದ್ದು ಆ ವರ್ಷಗಳ ಸಂಗತಿ.

ಬ್ಯಾನಿಸ್ಟರ್ ಹುಟ್ಟಿದ್ದು 1929ರ ಮಾರ್ಚ್ 23ರಂದು, ಲಂಡನ್ನಿನ ಬಳಿಯ ಹ್ಯಾರೋದಲ್ಲಿ. ತಂದೆ ಸರ್ಕಾರಿ ನೌಕರ. ಮನೆಯದು ಸಾಧಾರಣ ಸ್ಥಿತಿ. 1946ರಲ್ಲಿ ಆಕ್ಸ್‌ಫರ್ಡ್ ಸೇರುವ ತನಕ ಹುಡುಗ ಮೊಳೆಯ ಬೂಟು ಹಾಕಿ ಓಡಿದವನೇ ಅಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಓಟದಲ್ಲಿ ಅವರು ನಾಲ್ಕನೆಯವರಾದರು, ಪದಕ ದಕ್ಕಲಿಲ್ಲ. ಓಟವನ್ನೇ ಬಿಟ್ಟುಬಿಡುವ ಯೋಚನೆ ಬಂದರೂ, ಇನ್ನೆರಡು ವರ್ಷ ನೋಡೋಣವೆಂದು ಮುಂದುವರಿದರು. ಆ ಹೊತ್ತಿಗೆ ಅವರು ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದರು. ಅಭ್ಯಾಸಕ್ಕೆ ಸಿಗುತ್ತಿದ್ದದ್ದು ಮಧ್ಯಾಹ್ನದ ಊಟದ ಬಿಡುವು ಮಾತ್ರ.

ಕಡಿಮೆ ಸಮಯದಲ್ಲಿ ಹೆಚ್ಚಿನ ಫಲ ಪಡೆಯಲು ಅವರಿಗೆ ನೆರವಾದದ್ದು ವಿಜ್ಞಾನ. ಆಕ್ಸ್‌ಫರ್ಡ್ ಪ್ರಯೋಗಾಲಯದಲ್ಲಿ ಅವರು ತಮ್ಮನ್ನೂ ಗೆಳೆಯರನ್ನೂ ಟ್ರೆಡ್‌ಮಿಲ್ ಮೇಲೆ ಓಡಿಸಿ, ಆಮ್ಲಜನಕದ ಪ್ರಮಾಣ ಹೆಚ್ಚಿಸಿದಾಗ ಉಸಿರಾಟ ಹೇಗೆ ಬದಲಾಗುತ್ತದೆ ಎಂದು ಅಳೆದಿದ್ದರು. ನಮ್ಮ ಸ್ನಾಯುಗಳಿಗೆ ಗ್ಲೂಕೋಸಿನಿಂದ ಶಕ್ತಿ ದೊರೆಯುತ್ತದೆ. ಆಮ್ಲಜನಕ ಸಾಕಷ್ಟು ಒದಗಿದರೆ ಹೆಚ್ಚು ಶಕ್ತಿ ಸಿಗುತ್ತದೆ. ವೇಗ ಮಿತಿಮೀರಿದಾಗ ಆಮ್ಲಜನಕದ ಪೂರೈಕೆ ಸಾಲದೆ ಬೇರೆ ದಾರಿಯಿಂದ ಶಕ್ತಿ ಪಡೆಯಬೇಕಾಗುತ್ತದೆ. ಆ ದಾರಿಯಲ್ಲಿ ಬಹಳ ಹೊತ್ತು ಓಡಲಾಗದು. ಆದ್ದರಿಂದ ಮೊದಲೇ ಅತಿವೇಗವಾಗಿ ಓಡಿ ಆಮೇಲೆ ಕುಸಿಯುವುದಕ್ಕಿಂತ, ನಾಲ್ಕು ಸುತ್ತನ್ನೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುವುದು ಲಾಭದಾಯಕ. ಪ್ರತಿ ಸುತ್ತಿಗೆ 60 ಸೆಕೆಂಡಿಗಿಂತ ಚೂರು ಕಡಿಮೆ ಎಂಬುದೇ ಲೆಕ್ಕ.

ಮೇ 6ರ ಬೆಳಿಗ್ಗೆಯೂ ಅವರು ಆಸ್ಪತ್ರೆಗೆ ಹೋದರು. ಅಲ್ಲಿನ ಪ್ರಯೋಗಾಲಯದ ಸಾಣೆಕಲ್ಲಿನಲ್ಲಿ ಬೂಟಿನ ಮೊಳೆಗಳನ್ನು ಹರಿತ ಮಾಡಿಕೊಂಡು, ರೈಲು ಹತ್ತಿ ಆಕ್ಸ್‌ಫರ್ಡ್‌ನ ಇಫ್ಲಿ ರೋಡ್ ಮೈದಾನ ತಲುಪಿದರು. ಜೋರಾಗಿ ಬೀಸುತ್ತಿದ್ದ ಗಾಳಿ ಸಂಜೆಗೆ ತುಸು ತಗ್ಗಿತು. ಗೆಳೆಯ ಕ್ರಿಸ್ ಬ್ರಾಷರ್ ಮೊದಲು ಮುಂದೆ ಓಡಿ ವೇಗ ಕಾಯ್ದುಕೊಟ್ಟರು. ಮೊದಲ ಸುತ್ತಿನಲ್ಲಿ ಬ್ಯಾನಿಸ್ಟರ್ ಇನ್ನೂ ಬೇಗ ಎಂದು ಕೂಗಿದರೂ ಬ್ರಾಷರ್ ಕಿವಿಗೊಡಲಿಲ್ಲ. ಅವರು ಕಿವಿಗೊಡದಿದ್ದದ್ದೇ ಒಳ್ಳೆಯದಾಯಿತು. ಆ ಸುತ್ತು 57.5 ಸೆಕೆಂಡಿನಲ್ಲಿ ಮುಗಿದಿತ್ತು. ಆಮೇಲೆ ಇನ್ನೊಬ್ಬ ಗೆಳೆಯ ಕ್ರಿಸ್ ಚಾಟವೇ ಮುಂದೆ ಬಂದರು. ಕೊನೆಯ ಸುತ್ತಿನಲ್ಲಿ ಬ್ಯಾನಿಸ್ಟರ್ ಅವರನ್ನೂ ದಾಟಿ ಗುರಿ ಮುಟ್ಟಿದರು. ಸಮಯ 3 ನಿಮಿಷ 59.4 ಸೆಕೆಂಡು.

ಆ ದಾಖಲೆ ಉಳಿದದ್ದು ಬರೀ 46 ದಿನ. ಜೂನ್ 21ರಂದು ಆಸ್ಟ್ರೇಲಿಯದ ಜಾನ್ ಲ್ಯಾಂಡಿ ಅದನ್ನು ಮುರಿದರು. ಆಗಸ್ಟಿನಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಇಬ್ಬರೂ ಎದುರಾದಾಗ ಬ್ಯಾನಿಸ್ಟರ್ ಗೆದ್ದರು. ಅದೇ ತಿಂಗಳು ಯುರೋಪಿಯನ್ ಚಾಂಪಿಯನ್‌ಷಿಪ್‌ನ 1,500 ಮೀಟರ್ ಓಟದಲ್ಲಿ ಚಿನ್ನ ಪಡೆದರು. ವರ್ಷ ಮುಗಿಯುವುದರೊಳಗೆ ಸ್ಪರ್ಧೆಗಳಿಗೆ ವಿದಾಯ ಹೇಳಿದರು. ಕೀರ್ತಿ ಶಿಖರದಲ್ಲಿದ್ದಾಗ ಮೈದಾನ ಬಿಟ್ಟು ರೋಗಿಗಳ ವಾರ್ಡಿಗೆ ಹೋಗುವುದು ಸುಲಭದ ಮಾತಲ್ಲ. ಆದರೆ ಹೋಗಲು ಅವರಿಗೊಂದು ಜಾಗವಿತ್ತು. ಅದನ್ನು ಓಡುತ್ತಿದ್ದಾಗಲೇ ಅವರು ಸಿದ್ಧಮಾಡಿಕೊಂಡಿದ್ದರು.

ಅವರು ನರರೋಗ ತಜ್ಞರಾದರು. ಕುಳಿತವರು ಥಟ್ಟನೆ ಎದ್ದಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಆಗ ನಮಗೆ ಅರಿವೇ ಇಲ್ಲದಂತೆ ಕೆಲವು ನರಗಳು ರಕ್ತನಾಳಗಳನ್ನು ಬಿಗಿಗೊಳಿಸಿ ಮಿದುಳಿಗೆ ರಕ್ತ ತಪ್ಪದಂತೆ ನೋಡಿಕೊಳ್ಳುತ್ತವೆ. ಇದು ಸ್ವನಿಯಂತ್ರಿತ ನರವ್ಯೂಹದ ಕೆಲಸ. ಅದು ಕೆಟ್ಟರೆ ನಿಂತ ಮಾತ್ರಕ್ಕೆ ರೋಗಿ ತಲೆತಿರುಗಿ ಬೀಳುತ್ತಾನೆ. ಈ ಕಾಯಿಲೆಗಳನ್ನು ಕುರಿತ ಸಂಶೋಧನೆಯಲ್ಲಿ ಬ್ಯಾನಿಸ್ಟರ್ ದಶಕಗಳನ್ನೇ ಕಳೆದರು, ವೈದ್ಯರು ಓದುವ ಗ್ರಂಥಗಳನ್ನು ಸಂಪಾದಿಸಿದರು. 1970ರ ದಶಕದ ಮೊದಲಲ್ಲಿ ಬ್ರಿಟನ್ನಿನ ಕ್ರೀಡಾ ಮಂಡಳಿಯ ಅಧ್ಯಕ್ಷರಾಗಿದ್ದಾಗ, ಸ್ಟೀರಾಯ್ಡ್ ಸೇವಿಸಿದ ಆಟಗಾರರನ್ನು ಪತ್ತೆಮಾಡುವ ಪರೀಕ್ಷೆಗೆ ಒತ್ತಾಸೆಯಾಗಿ ನಿಂತರು. 1975ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

1955ರಲ್ಲಿ ಅವರು ಚಿತ್ರಕಲಾವಿದೆ ಮೋಯ್ರಾ ಅವರನ್ನು ಮದುವೆಯಾಗಿದ್ದರು. ನಾಲ್ವರು ಮಕ್ಕಳ ಆ ಸಂಸಾರ ಅವರ ಕೊನೆಯ ತನಕ ಅರವತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಕಷ್ಟಗಳೂ ಬಾರದಿರಲಿಲ್ಲ. 1975ರಲ್ಲಿ ಕಾರು ಅಪಘಾತವಾಗಿ ಪಾದದ ಗಂಟಿಗೆ ಪೆಟ್ಟುಬಿತ್ತು. ಜಗತ್ತನ್ನೇ ಬೆರಗುಗೊಳಿಸಿದ್ದ ಕಾಲುಗಳಿಗೆ ಮತ್ತೆ ಓಡಲಾಗಲಿಲ್ಲ. 2011ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇರುವುದು ತಿಳಿಯಿತು. ನರರೋಗಗಳಿಗೆ ಜೀವನವಿಡೀ ಚಿಕಿತ್ಸೆ ಕೊಟ್ಟವರನ್ನು ನರರೋಗವೇ ಹಿಡಿದಿತ್ತು. ಅದನ್ನು ಅವರು ಗೊಣಗದೆ ಒಪ್ಪಿಕೊಂಡರು. 2012ರ ಲಂಡನ್ ಒಲಿಂಪಿಕ್ಸ್‌ಗೆ ಮುನ್ನ ಇಫ್ಲಿ ರೋಡ್ ಮೈದಾನದಲ್ಲಿ ಒಲಿಂಪಿಕ್ ಜ್ಯೋತಿ ಹಿಡಿದು ಹೆಜ್ಜೆ ಹಾಕಿದರು. 2018ರ ಮಾರ್ಚ್ 3ರಂದು, ತಮ್ಮ 88ನೇ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡರು.

ಬ್ಯಾನಿಸ್ಟರ್ ಹಾಗೆ ಊಟದ ಬಿಡುವಿನಲ್ಲಿ ಓಡಿ ಇಂದು ವಿಶ್ವದಾಖಲೆ ಮಾಡಲಾಗದು ಎಂಬುದು ನಿಜ. ಮೊರಾಕ್ಕೋದ ಹಿಶಾಮ್ ಎಲ್ ಗೆರೂಜ್ 1999ರಲ್ಲಿಯೇ ಮೈಲಿಯನ್ನು 3 ನಿಮಿಷ 43.13 ಸೆಕೆಂಡಿಗೆ ಇಳಿಸಿದರು. ಇಂದಿನ ಕ್ರೀಡಾಪಟು ಇಡೀ ದಿನವನ್ನೇ ಅಭ್ಯಾಸಕ್ಕೆ ಕೊಡಬೇಕಾಗುತ್ತದೆ. ಆದರೆ ಯಾವ ಓಟಗಾರನ ಕಾಲೂ ಐವತ್ತು ವರ್ಷ ಓಡದು. ಹತ್ತನೇ ತರಗತಿ ಬಂತೆಂದು ಮಗುವಿನ ಆಟವನ್ನು ಪೂರ್ತಿ ನಿಲ್ಲಿಸುವ ಪೋಷಕರೂ, ಪದಕದ ಆಸೆಯಲ್ಲಿ ಪುಸ್ತಕ ಮುಚ್ಚಿಸುವವರೂ ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಬ್ಯಾನಿಸ್ಟರ್ ಅವರೇ ಮುಪ್ಪಿನಲ್ಲಿ, ಓಟಕ್ಕಿಂತ ವೈದ್ಯಕೀಯದಲ್ಲಿ ಮಾಡಿದ ಕೆಲಸವೇ ತಮಗೆ ಹೆಚ್ಚಿನದು ಎಂದು ಹೇಳಿಕೊಂಡಿದ್ದರು. 2021ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವರ ಹೆಸರಿನ ಸ್ಮಾರಕಶಿಲೆ ಇಡಲಾಯಿತು. ಅದು ಇರುವುದು ನ್ಯೂಟನ್, ಡಾರ್ವಿನ್ ಅವರಂಥವರ ನೆನಪು ಉಳಿಸಿರುವ ವಿಜ್ಞಾನಿಗಳ ಮೂಲೆಯಲ್ಲಿ.