ಬಲ್ಮಠದ ಋಣ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ ಬ್ರಹ್ಮಗಿರಿಯ ಬುಡದಲ್ಲಿ ಹಳ್ಳಿಗರು ಅಕ್ಷರಗುಂಡು ಎಂದು ಕರೆಯುವ ಬಂಡೆಯೊಂದಿದೆ. ಅಶೋಕ ಚಕ್ರವರ್ತಿಯ ಶಾಸನ ಅದರ ಮೇಲಿದೆ. ಕೆಲವು ದಿನಗಳ ಹಿಂದೆ ಹತ್ತಾರು ವಿದ್ಯಾರ್ಥಿಗಳೊಡನೆ ನಾನು ಅಲ್ಲಿಗೆ ಹೋಗಿದ್ದೆ. ತಾಯಿತಂದೆಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂಬ ಅದರ ತಾತ್ಪರ್ಯವನ್ನು ಹೇಳಿದೆ. ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬವನು ತನ್ನ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕರನೆಂಬುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿರುವ ಸ್ವಾರಸ್ಯವನ್ನೂ ತಿಳಿಸಿದೆ. ಈ ಶಾಸನವನ್ನೂ, ಸಿದ್ದಾಪುರದ ಶಾಸನವನ್ನೂ, ಜಟಿಂಗ ರಾಮೇಶ್ವರ ಬೆಟ್ಟದ ಬಳೆಗಾರ ಗುಂಡಿನ ಶಾಸನವನ್ನೂ 1892ರಲ್ಲಿ ಲೋಕದ ಗಮನಕ್ಕೆ ತಂದವರು ಬಿ. ಎಲ್. ರೈಸ್ ಎಂದೂ, ಅವರು ಬೆಂಗಳೂರಿನಲ್ಲಿಯೇ ಹುಟ್ಟಿದ, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗನೆಂದೂ ಹೇಳಿದೆ.

ಆಗ ಒಬ್ಬ ಹುಡುಗ ಕೇಳಿದ: “ಸಾರ್, ಪಾದ್ರಿಗಳು ಬಂದದ್ದು ನಮ್ಮ ಜನರನ್ನು ತಮ್ಮ ಮತಕ್ಕೆ ಸೇರಿಸಲು ಅಲ್ಲವೆ? ಅವರಿಗೆ ನಾವು ಯಾಕೆ ಋಣಿಗಳಾಗಬೇಕು?”

ಪ್ರಶ್ನೆ ಉದ್ಧಟತನದ್ದಾಗಿರಲಿಲ್ಲ. ತಿಳಿಯಬೇಕೆಂಬ ಆಸೆಯಿಂದ ಹುಟ್ಟಿದ್ದಾಗಿತ್ತು. ಬಂಡೆಯ ಬಳಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೆ ಬಂಡೆಯಿಂದ ಬಹುದೂರ, ಪಶ್ಚಿಮ ಸಮುದ್ರದ ಅಂಚಿಗೆ, ಮಂಗಳೂರಿನ ಬಲ್ಮಠಕ್ಕೆ ಹೋಗಬೇಕಾಗುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಷನ್ ಸಂಸ್ಥೆ ತನ್ನ ಮೊದಲ ಮೂವರು ಪಾದ್ರಿಗಳನ್ನು ಮಂಗಳೂರಿಗೆ ಕಳುಹಿಸಿದುದು 1834ರಲ್ಲಿ. ಹೆಬಿಕ್, ಲೇನರ್, ಗ್ರೈನರ್ ಎಂಬುವರು ಆ ಮೂವರು. ಎರಡು ವರ್ಷಗಳ ತರುವಾಯ, 1836ರಲ್ಲಿ, ಹರ್ಮನ್ ಮೋಗ್ಲಿಂಗ್ ಬಂದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಓದಿದ್ದವರು. ಪರದೇಶದ ಬೋಧಕನು ಎಷ್ಟು ಕಲಿತರೂ ಪರದೇಶದವನೇ. ಈ ನಾಡಿನ ಸಭೆಗೆ ಈ ನಾಡಿನ ಮಕ್ಕಳೇ ಉಪದೇಶಕರಾಗಬೇಕು ಎಂಬುದು ಅವರ ನಂಬಿಕೆ. ಆ ನಂಬಿಕೆಯಿಂದ ಮೊದಲು ಬಾಲಕರಿಗಾಗಿ ಒಂದು ವಸತಿಶಾಲೆ ಹುಟ್ಟಿತು. ಅದೇ ದಾರಿಯಲ್ಲಿ ಮುಂದುವರಿದು 1847ರಲ್ಲಿ ಬಾಸೆಲ್ ಮಿಷನ್ನಿನ ದೇವಜ್ಞಾನ ಶಾಲೆ, ಎಂದರೆ ಸೆಮಿನರಿ, ಸ್ಥಾಪನೆಗೊಂಡಿತು.

ಈ ಶಾಲೆಯ ಉದ್ದೇಶದಲ್ಲಿ ಮುಚ್ಚುಮರೆ ಇರಲಿಲ್ಲ. ಉಪದೇಶಕರನ್ನು ತಯಾರು ಮಾಡುವುದೇ ಅದರ ಕೆಲಸ. ಆದರೆ ಉಪದೇಶ ಮಾಡಬೇಕಾದುದು ಕನ್ನಡದಲ್ಲಿ. ಕನ್ನಡದಲ್ಲಿ ಬೋಧಿಸಬೇಕೆಂದರೆ ಕನ್ನಡ ಜನ ಯಾವ ಕಥೆಯನ್ನು ಕೇಳಿ ಬೆಳೆದರು, ಯಾವ ಪದವನ್ನು ಹಾಡಿ ಅತ್ತರು, ಯಾವ ಗಾದೆಯಿಂದ ನ್ಯಾಯ ತೀರಿಸಿದರು ಎಂಬುದನ್ನು ಬೋಧಕನು ಅರಿತಿರಬೇಕು. ಈ ಒಂದು ಅಗತ್ಯವೇ ಶಾಲೆಯ ಗುರುಗಳನ್ನು ಕನ್ನಡ ಸಾಹಿತ್ಯದ ಬಾಗಿಲಿಗೆ ತಂದು ನಿಲ್ಲಿಸಿತು. ಬಾಗಿಲಲ್ಲಿ ನಿಂತವರು ಒಳಗೆ ಬಂದರು. ಬಂದವರು ಬೇಗನೆ ಹೊರಗೆ ಹೋಗಲಿಲ್ಲ.

ಮೋಗ್ಲಿಂಗರು 1843ರ ಜುಲೈ 1ರಂದು “ಮಂಗಳೂರ ಸಮಾಚಾರ”ವನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾದ ಆ ಪಾಕ್ಷಿಕವೇ ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅದು “ಕನ್ನಡ ಸಮಾಚಾರ”ವೆಂಬ ಹೆಸರು ತಳೆದು ಬಳ್ಳಾರಿಯಲ್ಲಿ ಮುದ್ರಣವಾಗತೊಡಗಿತು. ಈ ಸಂಗತಿ ನಮ್ಮ ಸೀಮೆಯವರ ಗಮನಕ್ಕೆ ಬಂದಂತಿಲ್ಲ. ಮೊಳಕಾಲ್ಮೂರಿಗೆ ಬಳ್ಳಾರಿ ದೂರದ ಊರೇನೂ ಅಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿಯೇ ಅಲ್ಲಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಿರುಗಿಸುವ ಕೆಲಸದಲ್ಲಿ ತೊಡಗಿದ್ದರು. ಅದೇ ಮಿಷನ್ನಿನ ವಿಲಿಯಂ ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಕರಾವಳಿಯಲ್ಲಿ ಹುಟ್ಟಿದ ಪತ್ರಿಕೆ ಬಯಲುಸೀಮೆಯ ಅಚ್ಚುಕೂಟಕ್ಕೆ ಬಂದು ಸೇರಿದುದನ್ನು ನೆನೆದರೆ, ರಾಜ್ಯಗಳು ಬೇರೆಬೇರೆಯಾಗಿದ್ದ ಆ ಕಾಲದಲ್ಲಿಯೂ ಕನ್ನಡ ನಾಡು ಒಂದೆಂಬ ಭಾವನೆಗೆ ಅಚ್ಚಿನ ಅಕ್ಷರ ಎಷ್ಟು ನೆರವಾಯಿತೆಂಬುದು ಅರಿವಾಗುತ್ತದೆ.

ಸೆಮಿನರಿ ಸ್ಥಾಪನೆಯಾದ ಮರುವರ್ಷದಿಂದಲೇ, ಎಂದರೆ 1848ರಿಂದ 1853ರವರೆಗೆ, “ಬಿಬ್ಲಿಯೋಥೆಕಾ ಕರ್ನಾಟಿಕಾ” ಎಂಬ ಗ್ರಂಥಮಾಲೆ ಹೊರಬಂದಿತು. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಅದಕ್ಕೆ ಹಣವೊದಗಿಸಿದರು. ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಆ ಮಾಲೆಯಲ್ಲಿ ಕಲ್ಲಚ್ಚಿನ ಮೂಲಕ ಗ್ರಂಥರೂಪ ಪಡೆದುವು. ವಾಚಕರು ಈ ಹೆಸರುಗಳನ್ನು ಮತ್ತೊಮ್ಮೆ ಗಮನಿಸಬೇಕು. ಒಂದು ಭಾಗವತರ ಕಾವ್ಯ, ಎರಡು ವೀರಶೈವ ಪುರಾಣಗಳು, ಮತ್ತೆ ಹರಿದಾಸರ ಪದಗಳು. ಇವುಗಳಲ್ಲಿ ಒಂದಾದರೂ ಪಾದ್ರಿಯ ಮತವನ್ನು ಸಾರುವುದಲ್ಲ. ತಾಳೆಗರಿಯಲ್ಲಿಯೂ ಹಾಡುವವರ ಕಂಠದಲ್ಲಿಯೂ ಇದ್ದುದನ್ನು ಮುದ್ರಣಕ್ಕೆ ತಂದ ಮೊದಲಿಗರಲ್ಲಿ ಕ್ರೈಸ್ತ ಧರ್ಮದ ಉಪದೇಶಕರೇ ಮುಂದಿದ್ದರೆಂಬುದು ಚರಿತ್ರೆಯ ಒಂದು ವಿನೋದ; ವಿನೋದವಾದರೂ ಸತ್ಯ.

1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್ಲರು ಈ ಕಾರ್ಯವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದರು. ಅವರು ಸಂಪಾದಿಸಿದ ಕೇಶಿರಾಜನ ಶಬ್ದಮಣಿದರ್ಪಣ 1872ರಲ್ಲಿಯೂ, ನಾಗವರ್ಮನ ಛಂದಸ್ಸು 1875ರಲ್ಲಿಯೂ ಪ್ರಕಟವಾದುವು. 1894ರಲ್ಲಿ, ಸುಮಾರು 70,000 ಶಬ್ದಗಳ ಆ ಮಹಾ ನಿಘಂಟು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯದಿಂದ ಹೊರಬಂದಿತು. ಕಿಟ್ಟೆಲ್ಲರು ಶಬ್ದವನ್ನು ಹಳಗನ್ನಡ ಕಾವ್ಯದಿಂದಲೂ ತೆಗೆದುಕೊಂಡರು, ಬೀದಿಯ ಗಾದೆಯಿಂದಲೂ ತೆಗೆದುಕೊಂಡರು. ಪಂಡಿತನ ಮಾತು ಮೇಲು, ಪಾಮರನ ಮಾತು ಕೀಳು ಎಂಬ ಭೇದವನ್ನು ಆ ಪುಟಗಳಲ್ಲಿ ಕಾಣಲಾಗದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸ್ತೋತ್ರವಾದೀತು, ಚರಿತ್ರೆಯಾಗದು. ಆ ಹುಡುಗನ ಪ್ರಶ್ನೆಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. 1844ರಲ್ಲಿ ಮಂಗಳೂರಿನ ಆನಂದರಾವ್ ಕೌಂಡಿನ್ಯರೆಂಬ ಬ್ರಾಹ್ಮಣ ತರುಣರು ಕ್ರೈಸ್ತ ದೀಕ್ಷೆ ಪಡೆದಾಗ ಊರು ಕ್ಷೋಭೆಗೊಂಡಿತು. ಅವರು ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂತಿರುಗಿದರು. ಅವರ ನಿರ್ಧಾರ ಅವರ ಅಂತಃಕರಣಕ್ಕೆ ಸೇರಿದುದು. ಅದನ್ನು ಅಳೆಯಲು ನಾನಾರು? ಆದರೆ ಮನೆಯೊಂದು ಎರಡಾದಾಗ ಉಳಿದವರ ನೋವೂ ನೋವೇ. ಈ ನಾಡಿನ ದೇವರುಗಳನ್ನು ಕುರಿತು ಮಿಷನರಿಗಳು ಬರೆದ ಪತ್ರಗಳಲ್ಲಿಯೂ ಪುಸ್ತಿಕೆಗಳಲ್ಲಿಯೂ ಕಟುವಾದ ಮಾತು ಕಡಿಮೆಯಿಲ್ಲ. ದಾಸರ ಪದಗಳನ್ನು ಅಚ್ಚು ಮಾಡಿಸಿದ ಕೈಯೇ ಆ ದಾಸರ ಇಷ್ಟದೈವವನ್ನು ಹಳಿಯಬಲ್ಲುದಾಗಿತ್ತು. ಅಲ್ಲದೆ, ಕಲ್ಲಚ್ಚಿಗಾಗಿ ಮುತ್ತಿನಂತೆ ಅಕ್ಷರ ಬರೆದುಕೊಟ್ಟವರು, ತಾಳೆಗರಿಯ ಪಾಠವನ್ನು ಓದಿ ಅರ್ಥ ಹೇಳಿದ ದೇಶೀಯ ಪಂಡಿತರು—ಇವರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು? ಎರಡು ಸಾವಿರ ವರ್ಷಗಳಿಗೂ ಹಿಂದಿನ ಲಿಪಿಕರ ಚಪಡನಿಗೆ ದೊರೆತ ಮನ್ನಣೆ ಇವರಲ್ಲಿ ಬಹುಮಂದಿಗೆ ದೊರೆಯಲಿಲ್ಲ.

ಹಾಗಾದರೆ ಉತ್ತರವೇನು? ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತೊಂದು ನಮ್ಮ ಕಡೆಯ ಹಸುಗೂಸಿಗೂ ಗೊತ್ತು: ಮಾಡಿದಷ್ಟು ನೀಡು ಭಿಕ್ಷೆ. ಕೆರೆ ಕಟ್ಟಿಸಿದ ಆ ಕಾಯಕಯೋಗಿಯ ಮಾತು ಕೂಲಿಗೆ ಮಾತ್ರ ಸಲ್ಲುವುದಲ್ಲ, ಚರಿತ್ರೆಗೂ ಸಲ್ಲುತ್ತದೆ. ಮಾಡಿದಷ್ಟನ್ನು ಕೊಡಬೇಕು, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮತದ ವಿಷಯದಲ್ಲಿ ಅವರೊಡನೆ ಭಿನ್ನಾಭಿಪ್ರಾಯವಿದ್ದವನು ಅದನ್ನು ಇಟ್ಟುಕೊಳ್ಳಲಿ. ಆದರೆ ಶಬ್ದವೊಂದರ ಅರ್ಥಕ್ಕಾಗಿ ನಿಘಂಟನ್ನು ತೆರೆದಾಗ, ನಲವತ್ತು ವರ್ಷಗಳ ಕಾಲ ಕನ್ನಡಕ್ಕಾಗಿ ಕಣ್ಣು ಸವೆಸಿದವನೊಬ್ಬನಿದ್ದನೆಂಬುದನ್ನು ಮರೆಯದಿರಲಿ. ಉದ್ದೇಶ ಅವರದು, ಫಲ ನಮ್ಮದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಗೊಂದಲ ಮಾಡಿಕೊಳ್ಳಬೇಕಾಗಿಲ್ಲ.

ಶಾಲೆಯ ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರ್ಕಾರದ ಬಂಧನಕ್ಕೆ ಒಳಗಾದರು. ಮಿಷನ್ನಿನ ಹೆಂಚಿನ ಕಾರ್ಖಾನೆಗಳೂ ನೇಯ್ಗೆಯ ಕಾರ್ಖಾನೆಗಳೂ ಕೈತಪ್ಪಿದುವು. ಆದರೂ ಉಪದೇಶಕರ ಶಿಕ್ಷಣದ ಪರಂಪರೆ ಕಡಿದುಹೋಗಲಿಲ್ಲ. ಬೆಂಗಳೂರಿನಲ್ಲಿ 1910ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಆರಂಭವಾಗಿದ್ದಿತು. ನಮ್ಮ ನೆರೆಯ ತುಮಕೂರಿನಲ್ಲಿಯೂ ಕನ್ನಡ ಉಪದೇಶಕರಿಗಾಗಿ ಒಂದು ಯೂನಿಯನ್ ಸೆಮಿನರಿ ಇತ್ತು. ಅದೂ ಮಂಗಳೂರಿನ ಹಳೆಯ ಶಾಲೆಯೂ ಕೂಡಿ 1965ರಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಬಲ್ಮಠದಲ್ಲಿರುವ ಆ ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ಮಿಷನ್ ಮುದ್ರಣಗಳು ರಕ್ಷಿತವಾಗಿವೆ. “ಹೊಸಗನ್ನಡದ ಅರುಣೋದಯ”ವನ್ನು 1974ರಲ್ಲಿ ಪ್ರಕಟಿಸಿದ ಶ್ರೀನಿವಾಸ ಹಾವನೂರರಂಥ ವಿದ್ವಾಂಸರು ಈ ಹಳೆಯ ಮುದ್ರಣಗಳ ಬೆಲೆಯನ್ನು ನಾಡಿಗೆ ತೋರಿಸಿಕೊಟ್ಟರು.

ಈಗ ನಮ್ಮ ಅಂಗಳಕ್ಕೆ ಹಿಂತಿರುಗುತ್ತೇನೆ. ಅನೇಕ ವರ್ಷಗಳ ಹಿಂದೆ ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹಳೆಯ ಮನೆಯೊಂದರ ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳಿವೆಯೆಂದು ಕೇಳಿದ್ದೆ. “ಹೋಗಿ ನೋಡಬೇಕು” ಎಂದುಕೊಂಡೆ. ಪರೀಕ್ಷೆ ಬಂದಿತು, ರಜೆ ಬಂದಿತು, ಮತ್ತೆ ಪರೀಕ್ಷೆ ಬಂದಿತು. ಕೊನೆಗೆ ಹೋದಾಗ ಮನೆಯ ಹಿರಿಯಾಕೆ, “ಅವೇನೋ ಹುಳ ಹಿಡಿದಿದ್ವಪ್ಪ, ಮನೆ ರಿಪೇರಿ ಮಾಡಿಸುವಾಗ ಹೊಳೆಗೆ ಬಿಟ್ವಿ. ಮೊದಲೇ ಬಂದಿದ್ರೆ ಕೊಡ್ತಿದ್ವಲ್ಲ” ಎಂದರು. ಅದರಲ್ಲಿ ಏನಿತ್ತೋ ಇನ್ನು ಯಾರೂ ಹೇಳಲಾರರು. ಆಕೆಯದು ತಪ್ಪಲ್ಲ. ಕನ್ನಡ ಕಲಿಸಿ ಸಂಬಳ ಪಡೆಯುವ ನನ್ನದು ತಪ್ಪು. ಏಳು ಸಮುದ್ರ ದಾಟಿ ಬಂದವರು ಕಟ್ಟುಗಳನ್ನು ಹುಡುಕಿಕೊಂಡು ಹೋದರು. ನಾನು ಏಳು ಮೈಲಿ ಹೋಗಲಿಲ್ಲ.

ಹೋದವರು ನಮ್ಮಲ್ಲಿ ಇಲ್ಲದೆ ಇಲ್ಲ. ಚಳ್ಳಕೆರೆ ತಾಲ್ಲೂಕಿನ ತಳುಕಿನ ವೆಂಕಣ್ಣಯ್ಯನವರು ಹಳೆಯ ಗ್ರಂಥಗಳ ಸಂಪಾದನೆಯಲ್ಲಿಯೂ ಪಾಠದಲ್ಲಿಯೂ ತಮ್ಮ ಬಾಳನ್ನು ಸವೆಸಿದರು. ಅವರ ಶಿಷ್ಯರಾದ ಕುವೆಂಪು ಅವರು ಶ್ರೀ ರಾಮಾಯಣ ದರ್ಶನವನ್ನು ಆ ಗುರುವಿಗೆ ಅರ್ಪಿಸಿದರು. ಬ್ರಹ್ಮಗಿರಿಯ ಶಾಸನ ಹೇಳುವ ಗುರುಗೌರವಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ಓದು ಬರಹ ಅರಿಯದ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಕಂಠದಲ್ಲಿದ್ದ ಪದಗಳನ್ನು ಕೃಷ್ಣಮೂರ್ತಿ ಹನೂರರು ಬರೆದುಕೊಂಡುದರಿಂದ ಅವು ಉಳಿದುವು. ಆದರೆ ಇನ್ನೆಷ್ಟು ಅಜ್ಜಿಯರು ಬರೆದುಕೊಳ್ಳುವವರಿಲ್ಲದೆ ಕಣ್ಣು ಮುಚ್ಚಿದರು! ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳ ಮಾತು, ಚಳ್ಳಕೆರೆಯ ಕಂಬಳಿ ನೇಯುವವರ ಮಾತು, ಮೊಳಕಾಲ್ಮೂರಿನ ರೇಷ್ಮೆ ಮಗ್ಗದ ಮಾತು—ಇವುಗಳಲ್ಲಿ ಯಾವ ನಿಘಂಟಿಗೂ ಸೇರದ ಶಬ್ದಗಳಿವೆ. ಮಗ್ಗ ನಿಂತ ದಿನ ಅವೂ ನಿಲ್ಲುತ್ತವೆ.

ಆದುದರಿಂದ ಈ ಎರಡು ತಾಲ್ಲೂಕುಗಳ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಒಂದು ದಪ್ಪ ಪುಸ್ತಕವಿರಲಿ. ವಿದ್ಯಾರ್ಥಿಯೊಬ್ಬನು ವರ್ಷಕ್ಕೆ ಒಂದು ಪದವನ್ನೋ, ಹತ್ತು ಕಸುಬಿನ ಶಬ್ದಗಳನ್ನೋ, ಅಟ್ಟದ ಮೇಲಿನ ಒಂದು ಕಟ್ಟಿನ ವಿವರವನ್ನೋ ಅದರಲ್ಲಿ ಬರೆಯಲಿ. ಹೇಳಿದವರ ಹೆಸರನ್ನೂ ಊರನ್ನೂ ಬರೆದವನ ಹೆಸರನ್ನೂ ತಪ್ಪದೆ ಕಾಣಿಸಲಿ. ಬಲ್ಮಠದ ಲಿಪಿಕಾರರಿಗೆ ಆದ ಅನ್ಯಾಯ ನಮ್ಮ ಅಜ್ಜಿಯರಿಗೆ ಆಗಬಾರದು. ಇದಕ್ಕೆ ಸರ್ಕಾರದ ಆಜ್ಞೆ ಬೇಕಿಲ್ಲ, ಹಣವೂ ಹೆಚ್ಚು ಬೇಕಿಲ್ಲ. ಕಿಟ್ಟೆಲ್ಲರಿಗೆ ಇದ್ದುದಕ್ಕಿಂತ ನೂರುಪಾಲು ಹೆಚ್ಚಿನ ಅನುಕೂಲ ಇಂದು ಹುಡುಗರ ಅಂಗಿಯ ಜೇಬಿನಲ್ಲಿಯೇ ಇದೆ.

ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಹೇಳುವುದಿಷ್ಟು. ಅಪ್ಪಾ, ಅವರು ಏಕೆ ಬಂದರೆಂಬುದನ್ನು ಕೇಳುವುದು ಸರಿಯೇ, ಕೇಳು. ಆದರೆ ಕೇಳಿದ ಮೇಲೆ, ನಾವು ಏಕೆ ಹೋಗಲಿಲ್ಲವೆಂಬುದನ್ನೂ ಕೇಳು. ಮೊದಲನೆಯ ಪ್ರಶ್ನೆಗೆ ಉತ್ತರ ಬಲ್ಮಠದ ಪತ್ರಾಗಾರದಲ್ಲಿ ಸಿಕ್ಕೀತು. ಎರಡನೆಯದಕ್ಕೆ ಉತ್ತರವನ್ನು ನೀನೂ ನಾನೂ ಬರುವ ಭಾನುವಾರ ನಿಮ್ಮ ಹಟ್ಟಿಗೆ ಹೋಗಿ, ನಿಮ್ಮ ಅಜ್ಜಿಯ ಮುಂದೆ ಕುಳಿತು ಬರೆಯಬೇಕಾಗಿದೆ.