ತಾರಸಿಗೆ ತೊಟ್ಟಿ ಏರಿಸುವ ಮುನ್ನ ಲೆಕ್ಕ ಹಾಕಿ!

ಗೆಳೆಯರೇ, ಅಮೆರಿಕನ್ನರ ಹಿತ್ತಿಲಲ್ಲಿರುವಂಥ ಸೀಡರ್ ಮರದ ಬಿಸಿನೀರ ತೊಟ್ಟಿ ನಿಮಗೂ ಬೇಕೆ? ಬಿಡಿಭಾಗ ತರಿಸಿ, ನೀವೇ ಜೋಡಿಸಿ. ಬೇಡವೆನ್ನುವವರು ಯಾರು? ಹಲಗೆ ನಿಲ್ಲಿಸಿ ಉಕ್ಕಿನ ಪಟ್ಟಿ ಬಿಗಿದು ನೀರು ತುಂಬಿದರೆ ಮೊದಲು ಸೋರುತ್ತದೆ. ಹೆದರಿ ಅಂಟು ಬಳಿಯಬೇಡಿ! ಮರ ನೀರು ಕುಡಿದು ಉಬ್ಬಿ ತಾನೇ ಸಂದು ಮುಚ್ಚುತ್ತದೆ.

ಆದರೆ ತಾರಸಿಯ ಮೇಲೆ ಇಡುತ್ತೀರಾ? ಎಚ್ಚರ! 90 ಸೆಂಟಿಮೀಟರ್ ಆಳದ ನೀರೆಂದರೆ ಚದರ ಮೀಟರಿಗೆ 900 ಕಿಲೋ. ಮರದ ಭಾರ, ಮನುಷ್ಯರ ಭಾರ ಬೇರೆ! ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ 875 (1987) ಹಿಡಿಯುವ ಲೆಕ್ಕ ಸುಮಾರು 150 ಕಿಲೋ ಮಾತ್ರ. ಕೆಳಮನೆಯಲ್ಲಿ ಮಲಗಿದ ಮಗುವಿನ ತಲೆಯ ಮೇಲೆ ನಿಮ್ಮ ಶೋಕಿಯೇ?

‘ಏನೂ ಆಗಲ್ಲ ಸಾರ್’ ಎನ್ನುವ ಮೇಸ್ತ್ರಿಯ ಮಾತು ಸಾಲದು. ಇಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಿ ಕೊಡಲಿ. ಇಲ್ಲವೇ ನೆಲದ ಮೇಲಿಡಿ! ನನ್ನ ಅಚ್ಚಿನ ಯಂತ್ರವೂ ನೆಲದಲ್ಲೇ ಕೂತಿದೆ.